ಕರ್ನಾಟಕ ಪಿಟೀಲಿನಿಂದ ಐರಿಷ್ ಫಿಡಲ್‌ಗೆ, ಅಲ್ಲಿಂದ ನಮ್ಮ ಪಾಡ್ದನಕ್ಕೆ: ದಾರಿ ಹೇಳುತ್ತೀರಾ?

ಬದಿಯಡ್ಕ ಪಿಟೀಲು:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ವರ್ಣ, ಕೀರ್ತನೆ ಎಲ್ಲ ಆಗಿದೆ. ಈಗ ನಮ್ಮ ಕಡೆಯ ದೇವಸ್ಥಾನಗಳಲ್ಲಿ, ನವರಾತ್ರಿ ಕಛೇರಿಗಳಲ್ಲಿ ಪಕ್ಕವಾದ್ಯಕ್ಕೆ ಕೂರುತ್ತೇನೆ. ಇತ್ತೀಚೆಗೆ ಐರ್ಲೆಂಡಿನ ಮಾರ್ಟಿನ್ ಹೇಯ್ಸ್ ಅವರ ಫಿಡಲ್ (ಪಿಟೀಲಿಗೇ ಅಲ್ಲಿನ ಜನಪದ ಸಂಗೀತದಲ್ಲಿ ಹೇಳುವ ಹೆಸರು) ಕೇಳಲು ಶುರು ಮಾಡಿದೆ, ಬಿಡಲಿಕ್ಕೆ ಆಗುತ್ತಿಲ್ಲ. ಒಂದು ಚಿಕ್ಕ ಮಟ್ಟು, ಎರಡೇ ಭಾಗ. ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಮೆಲ್ಲಗೆ ಶುರುವಾದದ್ದು ಕೊನೆಗೆ ಎಲ್ಲಿಗೋ ಹೋಗಿ ಮುಟ್ಟುತ್ತದೆ. ಅಮೆರಿಕದ ಮಾರ್ಕ್ ಓಕಾನರ್ ಅವರನ್ನೂ ಕೇಳಿದೆ. ಅವರು ಟೆಕ್ಸಸ್ ಶೈಲಿಯಲ್ಲೂ ನುಡಿಸುತ್ತಾರೆ, ಜಾಝ್ ಕೂಡ, ಬ್ಲೂಗ್ರಾಸ್ ಅನ್ನುವ ಅಲ್ಲಿನ ಹಳ್ಳಿಗಾಡಿನ ಶೈಲಿ ಕೂಡ.

ನನ್ನ ಪ್ರಶ್ನೆ ಇದು. ಇಂಥವರ ಕೈ ತಯಾರಾಗುವುದು ಹೇಗೆ? ಮೊದಲು ಒಂದು ಸಂಪ್ರದಾಯ ಪೂರ್ತಿ ಕಲಿತು ಆಮೇಲೆ ಇನ್ನೊಂದಕ್ಕೆ ಹೋಗುತ್ತಾರಾ, ಇಲ್ಲ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತಾರಾ? ನಾನು ಒಂದು ರೀಲ್ (ಐರಿಷ್ ಕುಣಿತದ ಮಟ್ಟು) ಕಲಿಯಲು ಕೂತರೆ ಸ್ವರ ಎಲ್ಲ ಸರಿಯಾಗಿಯೇ ಬರುತ್ತದೆ, ಆದರೆ ಕೇಳಿದರೆ ಶಂಕರಾಭರಣ ರಾಗದ ಚಿಟ್ಟೆಸ್ವರದ (ಕೃತಿಯ ನಡುವೆ ಬರುವ ಸ್ವರಗುಚ್ಛದ) ಹಾಗೆ ಇರುತ್ತದೆ, ಐರಿಷ್ ಅನಿಸುವುದೇ ಇಲ್ಲ. ಬೆರಳು ತಾನಾಗಿಯೇ ಗಮಕ (ಸ್ವರವನ್ನು ತೂಗಿಸುವುದು, ಜಾರಿಸುವುದು) ಹಾಕುತ್ತದೆ. ಇದನ್ನು ಬಿಡಿಸಬೇಕಾ? ಬಿಡಿಸಿದರೆ ನನ್ನ ಕಛೇರಿಯ ಕೈ ಹಾಳಾಗುತ್ತದಾ?

ಇನ್ನೊಂದು ಆಸೆ ಇದೆ. ನಮ್ಮ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ಪಾಡ್ದನಗಳನ್ನು, ಅಂದರೆ ತುಳುವಿನ ಕಥೆ ಹಾಡುಗಳನ್ನು, ಪಿಟೀಲಿನಲ್ಲಿ ನುಡಿಸಬೇಕು ಅಂತ. ಐರ್ಲೆಂಡಿನವರಿಗೆ ಅವರ ಊರಿನ ಮಟ್ಟು ಇದೆ. ನಮ್ಮ ಊರಿಗೂ ಇದೆ, ಆದರೆ ಅದು ಪಿಟೀಲಿನ ಹತ್ತಿರ ಬಂದಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಕಾಞಂಗಾಡು ಟೀಚರ್:

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಮಕ್ಕಳಿಗೆ ಪಿಟೀಲು ಹೇಳಿಕೊಡುವವಳು, ಜೊತೆಗೆ ಈ ಊರೂರಿನ ಫಿಡಲ್ ಕೇಳುವ ಹುಚ್ಚು ನನಗೂ ಇದೆ.

ಮೊದಲು ಒಂದು ವಿಷಯ. ನೀವು ಐರಿಷ್ ಮಟ್ಟು ಹೊಸದಾಗಿ ನುಡಿಸುತ್ತಿಲ್ಲ. ಚಿಕ್ಕವಳಿದ್ದಾಗ ನೋಟುಸ್ವರ ಕಲಿತಿರುತ್ತೀರಿ ಅಲ್ವಾ? ಶಕ್ತಿಸಹಿತ ಗಣಪತಿಂ ಅಂತ? ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಹತ್ತಿರ ಮಣಲಿಯಲ್ಲಿ ಇದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್‌ನವರು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಹಾಕಿದರು. ಅದರಲ್ಲಿ ಐರಿಷ್, ಸ್ಕಾಟಿಷ್ ಮಟ್ಟುಗಳೂ ಇವೆ. ಸಂತತಂ ಪಾಹಿಮಾಂ ಅಂತೂ ಬ್ರಿಟನ್ನಿನ ರಾಷ್ಟ್ರಗೀತೆಯ ಮಟ್ಟೇ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದೇ ಊರಿನಲ್ಲಿ ಒಬ್ಬ ಯುರೋಪಿಯನ್ ಹತ್ತಿರ ಪಿಟೀಲು ಕಲಿತು, ಅದನ್ನು ನಮ್ಮ ಸಂಗೀತಕ್ಕೆ ಹೊಂದಿಸಿದರು. ಅಂದರೆ ನಮ್ಮ ಪಿಟೀಲು ಹುಟ್ಟುವಾಗಲೇ ಆ ಕಡೆಯ ಮಟ್ಟುಗಳ ಜೊತೆ ಹುಟ್ಟಿದೆ. ಆದರೆ ದೀಕ್ಷಿತರು ಕೇಳಿದ್ದು ಬ್ಯಾಂಡ್. ಕುಣಿತದ ಮನೆಯಲ್ಲಿ ಫಿಡಲ್ ನುಡಿಸುವವನನ್ನು ಅಲ್ಲ. ನಿಮ್ಮ ರೀಲ್ ಚಿಟ್ಟೆಸ್ವರದ ಹಾಗೆ ಕೇಳುವುದಕ್ಕೂ ಇದಕ್ಕೂ ಸಂಬಂಧ ಇದೆ. ನಿಮ್ಮ ಹತ್ತಿರ ಮಟ್ಟು ಇದೆ, ಕುಣಿತ ಇಲ್ಲ.

ಇಲ್ಲಿ ಎಡಗೈ ಮುಖ್ಯ ಅಲ್ಲ, ಬಲಗೈ ಮುಖ್ಯ. ನಾವು ಕಮಾನು ಬಳಸುವುದು ಹಾಡುವವರ ಉಸಿರಿನ ಹಾಗೆ. ಉದ್ದ ಎಳೆ, ಸಾಹಿತ್ಯದ ಅಕ್ಷರಕ್ಕೆ ತಿರುಗಿಸು. ಅವರ ಕಮಾನು ಕಾಲಿಗೆ ನುಡಿಸುತ್ತದೆ. ರೀಲ್ ನಾಲ್ಕರ ಲೆಕ್ಕ, ಜಿಗ್ ಆರರ ಲೆಕ್ಕ, ಸ್ಲಿಪ್ ಜಿಗ್ ಒಂಬತ್ತು. ನೀವು ತಿಶ್ರ ನಡೆ (ಮೂರರ ಲೆಕ್ಕ) ಅಂತ ಜಿಗ್ ನುಡಿಸಿದರೆ ಮೂರು ಸ್ವರವೂ ಸಮ ಬರುತ್ತದೆ. ಅವರು ಸಮ ನುಡಿಸುವುದಿಲ್ಲ. ಮೊದಲನೆಯದನ್ನು ತುಸು ಜಾಸ್ತಿ ಹೊತ್ತು ಹಿಡಿಯುತ್ತಾರೆ, ಎಷ್ಟು ಅನ್ನುವುದು ಊರಿಂದ ಊರಿಗೆ ಬೇರೆ. ಸ್ಕಾಟ್ಲೆಂಡಿನ ಸ್ಟ್ರಾತ್‌ಸ್ಪೇ ಎಂಬ ಕುಣಿತದ ಮಟ್ಟು ತೆಗೆದುಕೊಂಡರೆ ಅದಕ್ಕೆ ತದ್ವಿರುದ್ಧ: ಚಿಕ್ಕ ಸ್ವರ ಮೊದಲು, ಅದರ ಬೆನ್ನಿಗೇ ಉದ್ದದ್ದು, ಚಟಕ್ ಅಂತ. ಅಲ್ಲಿನ ಫಿಡಲ್ ವಾದಕ ನೀಲ್ ಗೌ (1727–1807) ಹೆಸರಾದದ್ದು ಇಂಥ ನಡೆಗೇ.

ಶ್ರುತಿಯ ಬಗ್ಗೆಯೂ ಹೇಳುತ್ತೇನೆ, ಇದು ನಿಮಗೆ ಇಷ್ಟವಾಗುತ್ತದೆ. ನಾವು ನಾಲ್ಕು ತಂತಿಯನ್ನು ಸ ಪ ಸ ಪ ಅಂತ ಕೂಡಿಸುತ್ತೇವೆ. ಐರಿಷ್‌ನವರು ಜಿ ಡಿ ಎ ಇ (ಇವು ಪಾಶ್ಚಾತ್ಯ ಸ್ವರಗಳ ಹೆಸರು). ಅವರ ಮಟ್ಟು ಹೆಚ್ಚಾಗಿ ಡಿ ಅಥವಾ ಜಿ ಶ್ರುತಿಯಲ್ಲಿ. ಡಿಯನ್ನು ಷಡ್ಜ ಅಂತ ಇಟ್ಟುಕೊಂಡರೆ ದಪ್ಪ ತಂತಿ ಮಂದ್ರ ಮಧ್ಯಮ ಆಗುತ್ತದೆ, ತೆಳು ತಂತಿ ಮೇಲಿನ ರಿಷಭ. ಮೊದಮೊದಲು ಕೈ ತಡವರಿಸುತ್ತದೆ. ಆದರೆ ಅಮೆರಿಕದ ಅಪಲೇಶಿಯನ್ ಬೆಟ್ಟಗಳ ಹಳೆಯ ಫಿಡಲ್‌ನವರು ಕೆಲವು ಮಟ್ಟುಗಳಿಗೆ ಎ ಇ ಎ ಇ ಅಂತ ಕೂಡಿಸುತ್ತಾರೆ. ಅದು ನೂರಕ್ಕೆ ನೂರು ನಮ್ಮ ಸ ಪ ಸ ಪ! ಉತ್ತರ ಕರೊಲಿನಾದ ಟಾಮಿ ಜರೆಲ್ (1901–1985) ನುಡಿಸಿದ್ದನ್ನು ಹುಡುಕಿ ಕೇಳಿ. ಮಟ್ಟು ಒಂದು ತಂತಿಯಲ್ಲಿ ಹೋಗುತ್ತಿದ್ದರೆ ಪಕ್ಕದ ತಂತಿ ಖಾಲಿ ಬಿಟ್ಟು ಅದನ್ನೂ ಸೇರಿಸಿಯೇ ಎಳೆಯುತ್ತಾರೆ, ತಂಬೂರಿ ಜೊತೆಯಲ್ಲೇ ಕೂತ ಹಾಗೆ. ನಿಮ್ಮ ಪಿಟೀಲು ಈಗ ಹೇಗಿದೆಯೋ ಹಾಗೆಯೇ ಇದನ್ನು ಶುರು ಮಾಡಬಹುದು. ಅದಕ್ಕೇ ನಾನು ಹೇಳುವುದು, ಐರಿಷ್‌ಗಿಂತ ಮೊದಲು ಅಪಲೇಶಿಯಾ ಹಿಡಿಯಿರಿ.

ಕೂರುವುದನ್ನು ಬದಲಿಸಬೇಡಿ. ಅವರ ಮಟ್ಟುಗಳು ಬಹುತೇಕ ಮೊದಲ ಸ್ಥಾನದಲ್ಲೇ ಮುಗಿಯುತ್ತವೆ, ಕೈ ಮೇಲೆ ಕೆಳಗೆ ಓಡಿಸಬೇಕಾಗಿಲ್ಲ. ಪಿಟೀಲಿನ ತಲೆಯನ್ನು ಪಾದಕ್ಕೆ ಕೊಟ್ಟುಕೊಂಡೇ ಧಾರಾಳವಾಗಿ ನುಡಿಸಬಹುದು.

ಎನಿಸ್‌ನಲ್ಲಿರುವ ಪೆರ್ಲದವಳು:

ನಾನು ಪೆರ್ಲದವಳು, ಈಗ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ನರ್ಸ್. ಮಾರ್ಟಿನ್ ಹೇಯ್ಸ್ ಅವರ ಊರು ಇದೇ ಕೌಂಟಿ. ಆದ್ದರಿಂದ ಬರೆಯದೆ ಇರಲು ಆಗಲಿಲ್ಲ ಮಾರಾಯ್ರೆ!

ಒಂದು ಪೂರ್ತಿ ಕಲಿತು ಆಮೇಲೆ ಇನ್ನೊಂದಾ ಅಂತ ಕೇಳಿದ್ದೀರಿ. ಹೇಯ್ಸ್ ಅವರ ವಿಷಯದಲ್ಲಿ ಉತ್ತರ ಸ್ಪಷ್ಟ. ಅವರು 1962ರಲ್ಲಿ ಹುಟ್ಟಿದ್ದು ಫೀಕಲ್ ಪಕ್ಕದ ಮಘೆರಾ ಎಂಬ ಹಳ್ಳಿಯಲ್ಲಿ. ತಂದೆ ಪಿ. ಜೋ ಹೇಯ್ಸ್ ಟಲ್ಲಾ ಕೇಲಿ ಬ್ಯಾಂಡಿನ ಮುಂದಾಳು. ಆ ಬ್ಯಾಂಡ್ 1946ರದ್ದು, ಕುಣಿತಕ್ಕೆ ನುಡಿಸುವ ಬ್ಯಾಂಡ್. ಮಗ ಹುಡುಗನಾಗಿದ್ದಾಗಲೇ ಅದರಲ್ಲಿ ನುಡಿಸಿದ. ಪ್ಯಾಡಿ ಕ್ಯಾನಿ, ಮಾರ್ಟಿನ್ ರಾಚ್‌ಫರ್ಡ್ ಅಂಥ ಹತ್ತಿರದ ಊರಿನ ಹಿರಿಯರನ್ನು ಕೇಳಿ ಬೆಳೆದ. ಪೂರ್ವ ಕ್ಲೇರ್‌ನ ನಿಧಾನ, ತುಸು ದುಃಖದ ಛಾಯೆ, ಕೈಯಲ್ಲಿ ಕೂತದ್ದು ಅಲ್ಲಿ. 1980ರ ದಶಕದಲ್ಲಿ ಷಿಕಾಗೋಗೆ ಹೋದರು. ಅಲ್ಲಿ ಡೆನ್ನಿಸ್ ಕಾಹಿಲ್ ಜೊತೆ ಎಲೆಕ್ಟ್ರಿಕ್ ಬ್ಯಾಂಡ್ ಕಟ್ಟಿ ರಾಕ್ ಕೂಡ ನುಡಿಸಿದರು. ಆಮೇಲೆ ಇಬ್ಬರೂ ಎಲ್ಲ ಬಿಟ್ಟು, ಬರೀ ಒಂದು ಫಿಡಲ್ ಒಂದು ಗಿಟಾರ್ ಇಟ್ಟುಕೊಂಡು ಅದೇ ಹಳ್ಳಿ ಮಟ್ಟುಗಳಿಗೆ ವಾಪಸ್ ಬಂದರು. ಕಾಹಿಲ್ 2022ರಲ್ಲಿ ತೀರಿಕೊಂಡರು. ನೀವು ಕೇಳಿದ ಆ ನಿಧಾನ, ಆ ಬಿಡುವು, ಅದರಲ್ಲಿ ಕಾಹಿಲ್ ಅವರ ಪಾಲು ದೊಡ್ಡದು. ಎಷ್ಟು ಕಡಿಮೆ ನುಡಿಸಬಹುದೋ ಅಷ್ಟು ಕಡಿಮೆ ನುಡಿಸುತ್ತಿದ್ದರು ಅವರು.

ಇಲ್ಲಿ ಶೈಲಿ ಅಂದರೆ ದೇಶದ್ದಲ್ಲ, ಊರಿನದ್ದು. ಡೊನೆಗಾಲ್ ಕಡೆಯವರು ಕಮಾನನ್ನು ಬಿಡಿಬಿಡಿಯಾಗಿ, ಚುರುಕಾಗಿ ಹೊಡೆಯುತ್ತಾರೆ. ಯಾಕೆಂದರೆ ಅಲ್ಲಿನ ಜನ ಕೂಲಿಗೆ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದರು, ಬರುವಾಗ ಅಲ್ಲಿನ ಮಟ್ಟು ಹೊತ್ತು ತಂದರು. ಅಲ್ಲಿನ ಜಾನ್ ಡೊಹರ್ಟಿ ಊರೂರು ತಿರುಗಿ ತಗಡಿನ ಕೆಲಸ ಮಾಡುತ್ತಿದ್ದವರು, ಅವರ ಫಿಡಲ್‌ನಲ್ಲಿ ಬ್ಯಾಗ್‌ಪೈಪಿನ ಜಾಡು ಚೆನ್ನಾಗಿ ಕೇಳುತ್ತದೆ. ಕಾರ್ಕ್ ಮತ್ತು ಕೆರ್ರಿ ಗಡಿಯಲ್ಲಿ ಸ್ಲೀವ್ ಲೂಖ್ರಾ ಅಂತ ಒಂದು ಸೀಮೆ. ಅಲ್ಲಿ ಪೋಲ್ಕಾ, ಸ್ಲೈಡ್ ಎಂಬ ಕುಣಿತದ ಮಟ್ಟುಗಳು ಜಾಸ್ತಿ. ಪಾಡ್ರಿಗ್ ಓಕೀಫ್ (1887–1963) ಅಂತ ಅಲ್ಲೊಬ್ಬರು ಮಾಷ್ಟ್ರು ಇದ್ದರು. ಶಾಲೆ ಕೆಲಸ ಬಿಟ್ಟ ಮೇಲೆ ಮನೆಮನೆಗೆ ನಡೆದು ಫಿಡಲ್ ಹೇಳಿಕೊಟ್ಟರು. ಅವರು ಪಾಠ ಬರೆದುಕೊಡುತ್ತಿದ್ದ ರೀತಿ ಕೇಳಿ: ಗೆರೆಗಳ ನಡುವಿನ ಜಾಗ ಅಂದರೆ ತಂತಿ, ಅದರಲ್ಲಿ ಬರೆದ ಅಂಕೆ ಅಂದರೆ ಬೆರಳು. ಸಂಗೀತ ಓದಲು ಬಾರದ ರೈತರ ಮಕ್ಕಳೂ ಅದನ್ನು ನೋಡಿ ನುಡಿಸಿದರು. ಆ ಸೀಮೆ ಎರಡು ಕೌಂಟಿಯ ಗಡಿಯಲ್ಲಿದ್ದರೂ ತನ್ನದೇ ನಡೆ ಉಳಿಸಿಕೊಂಡಿದೆ. ಕಾಸರಗೋಡಿನವಳಾದ ನನಗೆ ಇದು ತುಂಬಾ ಹತ್ತಿರದ ವಿಷಯ.

ರೆಕಾರ್ಡ್ ಮಾಡಿದ ಕೆಲಸವನ್ನೂ ಹೇಳಬೇಕು. ಸ್ಲೈಗೋದ ಮೈಕಲ್ ಕೋಲ್ಮನ್ (1891–1945) 1914ರಲ್ಲಿ ಅಮೆರಿಕಕ್ಕೆ ಹೋದರು, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ಪ್ಲೇಟ್ ಕೊಟ್ಟರು. ಆ ಪ್ಲೇಟ್‌ಗಳು ಐರ್ಲೆಂಡಿಗೆ ವಾಪಸ್ ಬಂದವು. ಎಲ್ಲ ಕಡೆ ಹುಡುಗರು ಕೋಲ್ಮನ್ ಹಾಗೆ ನುಡಿಸಲು ಹೊರಟರು. ಎಷ್ಟೋ ಊರಿನ ಸ್ವಂತ ನಡೆ ಅದರಲ್ಲಿ ಕರಗಿತು. ನೀವು ಯೂಟ್ಯೂಬ್ ನೋಡಿ ಕಲಿಯುತ್ತಿದ್ದರೆ ಇದು ನೆನಪಿರಲಿ. ಬರೀ ಹೇಯ್ಸ್ ಒಬ್ಬರನ್ನೇ ಕೇಳಬೇಡಿ. ಅವರು ಕೇಳಿದವರನ್ನೂ ಕೇಳಿ.

ಗಮಕದ ಬಗ್ಗೆ. ರೀಲ್‌ನಲ್ಲಿ ಬೇಡ. ಅಲ್ಲಿ ಕಟ್, ರೋಲ್, ಟ್ರೆಬಲ್ ಅಂತ ಇವೆ. ಕಟ್ ಅಂದರೆ ಮೇಲಿನ ಬೆರಳಿನಿಂದ ತಂತಿಯನ್ನು ಮಿಂಚಿನಷ್ಟು ಹೊತ್ತು ಮುಟ್ಟುವುದು. ಸ್ವರ ಕೇಳಿಸಬಾರದು, ಒಂದು ಸಣ್ಣ ಕಡಿತ ಮಾತ್ರ ಕೇಳಿಸಬೇಕು. ನೀವು ಸ್ಫುರಿತ ಎಂಬ ಗಮಕ ನುಡಿಸಿದವರು, ಬೇಗ ಬರುತ್ತದೆ. ರೋಲ್ ಅಂದರೆ ಒಂದು ಸ್ವರದ ಮೇಲಿನದ್ದನ್ನೂ ಕೆಳಗಿನದ್ದನ್ನೂ ಬೇಗ ಮುಟ್ಟಿ ಬರುವುದು. ಟ್ರೆಬಲ್ ಕಮಾನಿನದ್ದು, ಮಣಿಕಟ್ಟಿನಿಂದ ಒಂದೇ ಸ್ವರವನ್ನು ಮೂರು ಸಲ ಚಕಚಕ ಅನಿಸುವುದು. ಆದರೆ ನಿಧಾನದ ಏರ್‌ಗಳು ಇವೆಯಲ್ಲ, ಗೇಲಿಕ್ ಹಾಡುಗಳಿಂದ ಬಂದವು, ತಾಳ ಇಲ್ಲದವು, ಅಲ್ಲಿ ನಿಮ್ಮ ಜಾರು ಚೆನ್ನಾಗಿ ಕೂರುತ್ತದೆ. ಇಲ್ಲಿನ ಹಳೆಯ ಹಾಡುಗಾರರು ಸ್ವರದಿಂದ ಸ್ವರಕ್ಕೆ ಹೋಗುವುದು ಕೇಳಿದರೆ ನಿಮಗೆ ಆಲಾಪನೆ ನೆನಪಾಗುತ್ತದೆ.

ಊರಲ್ಲೇ ಕೂತು ಕಲಿಯಲು ಡಬ್ಲಿನ್‌ನ ಐರಿಷ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್ ಜಾಲತಾಣ ನೋಡಿ, ಹಳೆಯ ಧ್ವನಿಮುದ್ರಣ ಬಹಳಷ್ಟು ಉಚಿತವಾಗಿ ಸಿಗುತ್ತದೆ. ಯಾವಾಗಲಾದರೂ ಈ ಕಡೆ ಬರುವುದಾದರೆ ಜುಲೈನಲ್ಲಿ ಬನ್ನಿ. ಮಿಲ್‌ಟೌನ್ ಮಾಲ್ಬೇಯಲ್ಲಿ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆ ನಡೆಯುತ್ತದೆ, 1973ರಿಂದ. ಬೆಳಗ್ಗೆ ತರಗತಿ, ರಾತ್ರಿ ಊರಿಡೀ ಸೆಷನ್ (ಎಲ್ಲರೂ ಸೇರಿ ನುಡಿಸುವ ಕೂಟ). ಸೆಷನ್‌ನಲ್ಲಿ ಗೊತ್ತಿಲ್ಲದ ಮಟ್ಟು ಬಂದರೆ ಪಿಟೀಲು ಮಡಿಲಲ್ಲಿಟ್ಟು ಸುಮ್ನೆ ಕೇಳಬೇಕು, ಅದು ಇಲ್ಲಿನ ಮರ್ಯಾದೆ.

ಮಂಜೇಶ್ವರ ಕೊಯರ್:

ನಾನು ಇಗರ್ಜಿಯ ಕೊಯರ್‌ನಲ್ಲಿ ವಯಲಿನ್ ನುಡಿಸುತ್ತೇನೆ. ಟೀಚರ್ ಹೇಳಿದ್ದಕ್ಕೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಶ್ರುತಿ ಬದಲಿಸದೆ ಶುರು ಮಾಡಿದರೆ ಅಪಲೇಶಿಯಾದಲ್ಲೇ ನಿಂತುಬಿಡುತ್ತೀರಿ. ಜಿ ಡಿ ಎ ಇ ಮೊದಲೇ ಕೈಗೆ ಹತ್ತಲಿ. ಸಾಧ್ಯವಾದರೆ ಎರಡನೇ ಪಿಟೀಲು ಇಟ್ಟುಕೊಳ್ಳಿ, ದುಬಾರಿಯದ್ದೇ ಬೇಕಾಗಿಲ್ಲ, ಒಂದು ಕಛೇರಿಗೆ ಒಂದು ಇದಕ್ಕೆ. ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಲು ಕಲಿಯಿರಿ. ದ ಸೆಷನ್ ಎಂಬ ಜಾಲತಾಣದಲ್ಲಿ ಸಾವಿರಾರು ಮಟ್ಟುಗಳಿವೆ, ಅದು ಓದಲು ಬಂದರೆ ದೊಡ್ಡ ಬಾಗಿಲು ತೆರೆಯುತ್ತದೆ.

ಓಕಾನರ್ ಬಗ್ಗೆ ಯಾರೂ ಬರೆದಿಲ್ಲ. 1961ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದವರು. ಟೆಕ್ಸಸ್ ಫಿಡಲ್‌ನ ಬೆನ್ನಿ ಥಾಮಸನ್ ಅವರ ಶಿಷ್ಯ. ಒಂದೇ ಮಟ್ಟನ್ನು ಪ್ರತಿ ಸುತ್ತಿಗೂ ಬದಲಿಸಿ ಬೆಳೆಸುವುದು ಆ ಶೈಲಿಯ ಜೀವ. ಹದಿಹರೆಯದಲ್ಲೇ ಫ್ರಾನ್ಸಿನ ಜಾಝ್ ಪಿಟೀಲುವಾದಕ ಸ್ತೆಫಾನ್ ಗ್ರಾಪೆಲ್ಲಿ ಜೊತೆ ತಿರುಗಾಟ ಮಾಡಿದರು, ಆಗ ಇವರು ಹಿಡಿದದ್ದು ಗಿಟಾರ್. ಗ್ರಾಪೆಲ್ಲಿ ಪಕ್ಕದಲ್ಲಿ ಗಿಟಾರ್ ಹಿಡಿದು ದಿನಾ ಕೂರುವುದು ಅಂದರೆ ಅದಕ್ಕಿಂತ ದೊಡ್ಡ ಪಾಠ ಯಾವುದು? ಟೆಕ್ಸಸ್‌ನವರ ಈ ಬೆಳೆಸುವ ಗುಣ ನಿಮಗೆ ಸುಲಭ, ಕಲ್ಪನಾಸ್ವರ (ಆಗಲೇ ಹೊಸೆದು ನುಡಿಸುವ ಸ್ವರ) ಹಾಕಿದ ಕೈ ನಿಮ್ಮದು.

ಕುಂಬ್ಳೆ ಮದ್ದಳೆ:

ನಾನು ಪಿಟೀಲಿನವನಲ್ಲ. ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳದವನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು. ಕುಣಿತ ಮತ್ತು ಪಾಡ್ದನ ಎರಡರ ಬಗ್ಗೆ ಹೇಳಲಿಕ್ಕಿದೆ.

ಟೀಚರ್ ಹೇಳಿದ ಕಾಲಿನ ಮಾತು ನನಗೆ ಕೂಡಲೇ ಹಿಡಿಸಿತು. ಭಾಗವತರು ಪದ್ಯ ಎತ್ತುವಾಗ ಕಣ್ಣು ವೇಷದ ಕಾಲಿನ ಮೇಲೆ ಇರುತ್ತದೆ. ತ್ರಿವುಡೆ ತಾಳ ಏಳು ಅಕ್ಷರ ಅಂತ ಪುಸ್ತಕದಲ್ಲಿ ಇದೆ. ಆದರೆ ರಂಗದಲ್ಲಿ ಆ ಏಳು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಒತ್ತು ಬೀಳುತ್ತದೆ ಅನ್ನುವುದನ್ನು ಕುಣಿಯುವವನು ಹೇಳುತ್ತಾನೆ. ಅಕ್ಕಾ, ನೀವು ರೀಲ್ ಕಲಿಯುವ ಮೊದಲು ಒಂದು ಆಟ ರಾತ್ರಿಯಿಡೀ ಚೌಕಿ (ಬಣ್ಣ ಹಚ್ಚುವ ಜಾಗ) ಬದಿಯಲ್ಲಿ ಅಲ್ಲ, ಹಿಮ್ಮೇಳದ ಹಿಂದೆ ಕೂತು ನೋಡಿ. ಚೆಂಡೆಯ ಪೆಟ್ಟಿಗೆ ಕಾಲು ಬೀಳುವುದನ್ನು ನೋಡುತ್ತಾ ಬಲಗೈಯಲ್ಲಿ ಖಾಲಿ ಕಮಾನು ಆಡಿಸಿ. ನಿಮ್ಮ ಕೈಗೆ ಕುಣಿತ ಬರಲು ಐರ್ಲೆಂಡಿಗೆ ಹೋಗಬೇಕಾಗಿಲ್ಲ. ಕುಣಿತ ಗೊತ್ತಿರುವ ಕೈ ಯಾವ ಊರಿನ ಕುಣಿತವನ್ನಾದರೂ ಬೇಗ ಹಿಡಿಯುತ್ತದೆ.

ಇನ್ನು ಪಾಡ್ದನ. ಎರಡು ಬಗೆ ಬೇರೆ ಮಾಡಿಕೊಳ್ಳಿ. ಕೋಲದ (ದೈವಾರಾಧನೆಯ) ಹೊತ್ತಿನಲ್ಲಿ, ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಹಿಡಿದು, ಆ ದೈವದ ಹುಟ್ಟು ಬೆಳವಣಿಗೆ ಹೇಳುವ ಪಾಡ್ದನ ಒಂದು. ಅದಕ್ಕೆ ಜಾಗ, ಹೊತ್ತು, ಹಕ್ಕು ಇದೆ. ಅದನ್ನು ವೇದಿಕೆಗೆ ಎತ್ತಿಕೊಂಡು ಹೋಗಬೇಡಿ. ಗದ್ದೆಯಲ್ಲಿ ಹೆಂಗಸರು ನೇಜಿ ನೆಡುತ್ತಾ ಹಾಡುವ ಪಾಡ್ದನ, ಓ ಬೇಲೆ, ಕಬಿತ ಬೇರೆ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಡೆನ್ನಾನ ಅಂತ ಸೊಲ್ಲು ಕೊಡುತ್ತಾರೆ. ನೀವು ಹುಡುಕಬೇಕಾದ್ದು ಇದನ್ನು. ಹಾಡುವ ಅಜ್ಜಿಯಂದಿರು ಎಣ್ಮಕಜೆ, ಪೈವಳಿಕೆ ಕಡೆ ಇನ್ನೂ ಇದ್ದಾರೆ. ಬೇಗ ಹೋಗಿ. ಹೋಗುವಾಗ ಪಿಟೀಲು ಕೊಂಡುಹೋಗಬೇಡಿ, ಮೊದಲು ಹಾಡಲು ಕಲಿಯಿರಿ, ಸೊಲ್ಲು ಕೊಡುವವರಲ್ಲಿ ಒಬ್ಬರಾಗಿ.

ಒಂದು ವಿನಂತಿ. ಅದನ್ನು ರಾಗಕ್ಕೆ ಕಟ್ಟಬೇಡಿ. ಎಷ್ಟೋ ಜನ ವೇದಿಕೆಗೆ ತರುವಾಗ ಮೋಹನ ಅಂತಲೋ ಆನಂದಭೈರವಿ ಅಂತಲೋ ಹೇಳಿ ಸ್ವರಗಳನ್ನು ತಿದ್ದಿ ಚಂದ ಮಾಡುತ್ತಾರೆ. ಮೂರು ನಾಲ್ಕು ಸ್ವರದ ಒಳಗೇ ಸುತ್ತುವ ಹಾಡು ಅದು. ಅಜ್ಜಿಯ ಗಾಂಧಾರ ಹಾರ್ಮೋನಿಯಂನ ಯಾವ ಮನೆಯಲ್ಲೂ ಕೂರುವುದಿಲ್ಲ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲು ಇಲ್ಲ, ಆ ಗಾಂಧಾರವನ್ನು ಇದ್ದ ಹಾಗೇ ಹಿಡಿಯಲು ನಿಮ್ಮಿಂದ ಆಗುತ್ತದೆ. ದಯವಿಟ್ಟು ಅದನ್ನು ಉಳಿಸಿ.

ಬದಿಯಡ್ಕ ಪಿಟೀಲು:

ಎಲ್ಲರಿಗೂ ಮನಸಾರೆ ವಂದನೆ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಣ್ಮಕಜೆ ಕಡೆ ನಮ್ಮ ದೊಡ್ಡಮ್ಮನ ಮನೆ ಇದೆ, ಅಲ್ಲಿಂದಲೇ ವಿಚಾರಿಸುತ್ತೇನೆ. ಟೀಚರ್, ಎರಡು ತಂತಿ ಒಟ್ಟಿಗೆ ಎಳೆಯುವುದು ಪಾಡ್ದನಕ್ಕೂ ಹೊಂದುತ್ತದಾ? ಡೆನ್ನಾನದ ಜಾಗದಲ್ಲಿ ಖಾಲಿ ತಂತಿ ಸೇರಿಸಿದರೆ ಗುಂಪು ಸೊಲ್ಲು ಕೊಟ್ಟ ಹಾಗೆ ಕೇಳಬಹುದು ಅನಿಸುತ್ತದೆ. ನನ್ನ ಪಿಟೀಲು ಈಗ ಐದು ಮನೆ ಶ್ರುತಿಗಿದೆ (ಹಾರ್ಮೋನಿಯಂನ ಐದನೇ ಬಿಳಿ ಮನೆ), ಅದನ್ನು ಎ ಇ ಎ ಇಗೆ ಏರಿಸಿದರೆ ತಂತಿ ತಡೆಯುತ್ತದಾ?

ಕಾಞಂಗಾಡು ಟೀಚರ್:

ಏರಿಸಬೇಡಿ, ಅಗತ್ಯವೇ ಇಲ್ಲ. ಐದು ಮನೆ ಅಂದರೆ ಜಿ. ನಿಮ್ಮ ತಂತಿಗಳು ಈಗ ಜಿ ಡಿ ಜಿ ಡಿ ಆಗಿವೆ. ಅಪಲೇಶಿಯಾದವರು ಅದನ್ನೂ ಬಳಸುತ್ತಾರೆ. ಎ ಇ ಎ ಇಯಲ್ಲಿ ನುಡಿಸಿದ ಮಟ್ಟನ್ನು ಹಾಗೆಯೇ ಒಂದು ಮನೆ ಕೆಳಗೆ ನುಡಿಸಿ, ಬೆರಳು ಎಲ್ಲ ಒಂದೇ.

ಎರಡು ತಂತಿ ಎಳೆಯುವುದಕ್ಕೆ ಕಮಾನನ್ನು ಒತ್ತಬೇಡಿ, ವಾಲಿಸಿ. ಮಟ್ಟಿನ ತಂತಿಗೆ ಮುಕ್ಕಾಲು ಭಾರ, ಖಾಲಿ ತಂತಿಗೆ ಕಾಲು. ಸಾಲು ಹೇಳುವಾಗ ಒಂದೇ ತಂತಿ, ಸೊಲ್ಲಿಗೆ ಬಂದಾಗ ಎರಡು, ನೀವು ಯೋಚಿಸಿದ್ದು ಸರಿಯಾಗಿಯೇ ಇದೆ. ಆದರೆ ಮದ್ದಳೆಯವರು ಹೇಳಿದ ಆ ಗಾಂಧಾರಕ್ಕೆ ಖಾಲಿ ತಂತಿ ಜಗಳ ಮಾಡುತ್ತದಾ ಅಂತ ಅಜ್ಜಿ ಹಾಡಿದ್ದನ್ನು ಫೋನಿನಲ್ಲಿ ಹಾಕಿ, ಜೊತೆಗೆ ನುಡಿಸಿ ನೋಡಿ. ಜಗಳ ಮಾಡಿದರೆ ಖಾಲಿ ತಂತಿ ಬಿಡಿ, ಗಾಂಧಾರ ಬದಲಿಸಬೇಡಿ. ಧ್ವನಿಮುದ್ರಣ ಮಾಡುವ ಮೊದಲು ಅವರ ಒಪ್ಪಿಗೆ ಕೇಳಿ, ನುಡಿಸಿದ ಮೇಲೆ ಮೊದಲು ಅವರಿಗೇ ಕೇಳಿಸಿ. ಅವರು ಏನು ಹೇಳಿದರು ಅಂತ ಇಲ್ಲಿ ಬರೆಯಿರಿ, ನಾವೆಲ್ಲ ಕಾಯುತ್ತಿದ್ದೇವೆ.